ಹಳೇ ಬಟ್ಟೆಗೆ ಹೊಸ ಪಾತ್ರೆ: ಮಿಶಿಲಿಮ್ಯಾಕಿನಾದಲ್ಲಿ ಮೋಸ ಹೋದವರು ಯಾರು?

ಪ್ರಶ್ನೆ: ನಾವು ಅಮೆರಿಕದ ಮಿಶಿಗನ್ ರಾಜ್ಯದಲ್ಲಿದ್ದೇವೆ. ಮಗಳು ಮೂರನೇ ಕ್ಲಾಸು. ಹೋದ ಬೇಸಿಗೆ ರಜೆಯಲ್ಲಿ ಮ್ಯಾಕಿನಾ ಸಿಟಿಗೆ ಹೋಗಿ, ದೊಡ್ಡ ಸೇತುವೆಯ ಬುಡದಲ್ಲಿರುವ ಮಿಶಿಲಿಮ್ಯಾಕಿನಾ ಅನ್ನುವ ಹಳೇ ಫ್ರೆಂಚ್ ತುಪ್ಪಳದ ವ್ಯಾಪಾರದ ಕೋಟೆ ನೋಡಿ ಬಂದೆವು. ಅಲ್ಲಿ ಹಳೇ ಕಾಲದ ಉಡುಪು ತೊಟ್ಟಿದ್ದ ಒಬ್ಬರು, 'ಫ್ರೆಂಚರು ಮತ್ತು ಇಲ್ಲಿನ ಮೂಲನಿವಾಸಿಗಳು ಒಂದೇ ಮನೆಯವರ ಥರ ಇದ್ದರು' ಅಂದರು. ನಮ್ಮ ಯಜಮಾನರು ಒಪ್ಪಲಿಲ್ಲ. 'ಮಣಿ, ಕನ್ನಡಿ ಕೊಟ್ಟು ಬಂಗಾರದಂಥ ತುಪ್ಪಳ ಹೊಡೆದುಕೊಂಡು ಹೋದರು, ನಮ್ಮ ಈಸ್ಟ್ ಇಂಡಿಯಾ ಕಂಪನಿ ಥರಾನೇ' ಅನ್ನುತ್ತಾರೆ. ಈಗ ಮಗಳು ಇದೇ ಊರಿನ ಮೇಲೆ ಶಾಲೆಗೆ ಪ್ರಾಜೆಕ್ಟ್ ಮಾಡಬೇಕು. ತಪ್ಪು ಕಲಿಸಿಬಿಟ್ಟರೆ ಅಂತ ನನಗೆ ಭಯ. ಇನ್ನೊಂದು ವಿಷಯ. ಆಗ ನಾವು ಬಾಡಿಗೆಗೆ ಹಿಡಿದಿದ್ದ ಕೆರೆ ದಂಡೆಯ ಮನೆಯ ಹತ್ತಿರ ಮರಳಿನಲ್ಲಿ ಅವಳಿಗೆ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ ಬೂದು ಬಣ್ಣದ ಬಿಲ್ಲೆ ಸಿಕ್ಕಿತು. ಸೀಸದ ಥರ ಇದೆ, ಮೇಲೆ ಸವೆದ ಅಕ್ಷರ ಇದೆ. ಅಡುಗೆಮನೆಯ ಡ್ರಾಯರ್‌ನಲ್ಲಿ ಇಟ್ಟಿದ್ದೇವೆ. ಪ್ರಾಜೆಕ್ಟ್‌ಗೆ ಅಂಟಿಸಬಹುದಾ?

ಉತ್ತರ: ಮೊದಲು ಆ ಬಿಲ್ಲೆಯನ್ನು ಅಡುಗೆಮನೆಯಿಂದ ಹೊರಗೆ ತೆಗೆದಿಡಿ. ಸೀಸ ಅಂದರೆ ವಿಷ. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಮಗಳಿಗೂ ಹೇಳಿ. ಯಾವ ಕಾರಣಕ್ಕೂ ಉಜ್ಜಬೇಡಿ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅದು ಏನಿರಬಹುದು ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ನಿಮ್ಮ ಭಯ ನನಗೆ ಅರ್ಥವಾಗುತ್ತೆ. ಒಂದೇ ಊರಿನ ಬಗ್ಗೆ ಎರಡು ಕಥೆ ಕೇಳಿದ್ದೀರಿ. ಒಂದರಲ್ಲಿ ಎಲ್ಲರೂ ನೆಂಟರು, ಇನ್ನೊಂದರಲ್ಲಿ ಒಬ್ಬ ಕಳ್ಳ, ಒಬ್ಬ ಪೆದ್ದ. ಆ ಕಾಲದ ವ್ಯಾಪಾರಿಗಳ ಸರಕಿನ ಪಟ್ಟಿ, ಸಾಲದ ಲೆಕ್ಕ ಓದುತ್ತಲೇ ತಲೆಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಎರಡೂ ಕಥೆಯಲ್ಲಿ ಸ್ವಲ್ಪ ನಿಜ ಇದೆ, ಆದರೆ ಎರಡನ್ನೂ ಹಾಗೇ ನಂಬುವಂತಿಲ್ಲ. ನಿಮ್ಮ ಯಜಮಾನರ ಕಥೆಯಿಂದಲೇ ಶುರು ಮಾಡೋಣ. ನನ್ನನ್ನು ಜಾಸ್ತಿ ಜನ ಕೇಳುವುದು ಅದನ್ನೇ.

ನಮ್ಮ ಊರುಗಳಲ್ಲಿ 'ಹಳೇ ಬಟ್ಟೆಗೆ ಪಾತ್ರೇ' ಅಂತ ಕೂಗಿಕೊಂಡು ಬರುತ್ತಿದ್ದವರು ನೆನಪಿದ್ದಾರಾ? ಅಮ್ಮ ಎರಡು ಹಳೇ ಪ್ಯಾಂಟು, ಒಂದು ಜರಿ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತಗೊಳ್ಳುತ್ತಿದ್ದಳು. ಅರ್ಧ ಗಂಟೆ ಚೌಕಾಸಿ. ಕೊನೆಗೆ ಅಮ್ಮನಿಗೆ ತಾನು ಗೆದ್ದೆ ಅನ್ನಿಸುತ್ತಿತ್ತು. ಪಾತ್ರೆಯವಳಿಗೂ ಹಾಗೇ ಅನ್ನಿಸುತ್ತಿತ್ತು. ತುಪ್ಪಳದ ವ್ಯಾಪಾರದ ಶುರು ಹೆಚ್ಚೂ ಕಡಿಮೆ ಹೀಗೇ ಇತ್ತು. ಹೋಲಿಕೆಗೆ ಸುಮ್ನೆ ಹೇಳುತ್ತಿಲ್ಲ, ಅಲ್ಲಿ ಕೊಡುತ್ತಿದ್ದದ್ದೂ ಹಳೇ ಬಟ್ಟೆಯೇ.

ಯುರೋಪಿನಲ್ಲಿ ಆಗ ದೊಡ್ಡವರು ಅನ್ನಿಸಿಕೊಂಡವರೆಲ್ಲ ಫೆಲ್ಟ್ ಟೋಪಿ ಹಾಕುತ್ತಿದ್ದರು. ಫೆಲ್ಟ್ ಅಂದರೆ ನೇಯ್ದ ಬಟ್ಟೆ ಅಲ್ಲ. ಕೂದಲನ್ನು ಬಿಸಿ, ತೇವ, ಒತ್ತಡ ಕೊಟ್ಟು ಒಂದಕ್ಕೊಂದು ಸಿಕ್ಕಿಕೊಳ್ಳುವ ಹಾಗೆ ಮಾಡಿದ ಹಾಳೆ. ಬೀವರ್ ಅನ್ನುವ ನೀರುಪ್ರಾಣಿಯ ಮೈಮೇಲೆ ಎರಡು ಥರದ ಕೂದಲಿದೆ. ಮೇಲೆ ಉದ್ದನೆಯ ಒರಟು ಕೂದಲು, ಅದರ ಕೆಳಗೆ ಹತ್ತಿಯಂಥ ಮೆತ್ತನೆ ತುಪ್ಪಳ. ಆ ತುಪ್ಪಳದ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಮುಳ್ಳುಗಳಿವೆ. ಆದ್ದರಿಂದ ಅದು ಚೆನ್ನಾಗಿ ಹೆಣೆದುಕೊಳ್ಳುತ್ತೆ, ಮಳೆಗೂ ಟೋಪಿ ಆಕಾರ ಕೆಡುವುದಿಲ್ಲ. ಯುರೋಪಿನ ಬೀವರ್‌ಗಳನ್ನು ಅಷ್ಟು ಹೊತ್ತಿಗೆ ಬೇಟೆಯಾಡಿ ಮುಗಿಸುತ್ತಾ ಬಂದಿದ್ದರು. ಹಾಗಾಗಿ ಕೆನಡಾದ ಕಡೆ ಕಣ್ಣು ಹೋಯಿತು.

ತೊಂದರೆ ಏನೆಂದರೆ, ಟೋಪಿಗೆ ಬೇಕಾದದ್ದು ಒಳಗಿನ ತುಪ್ಪಳ ಮಾತ್ರ. ಮೇಲಿನ ಒರಟು ಕೂದಲು ಕಿತ್ತು ಹಾಕುವುದು ದೊಡ್ಡ ಕೆಲಸ. ಆ ಕೆಲಸವನ್ನು ಮೂಲನಿವಾಸಿಗಳ ಮೈ ಪುಕ್ಕಟೆಯಾಗಿ ಮಾಡಿಕೊಡುತ್ತಿತ್ತು. ಅವರು ಐದಾರು ಬೀವರ್ ಚರ್ಮ ಜೋಡಿಸಿ ಹೊಲಿದು, ತುಪ್ಪಳದ ಕಡೆ ಒಳಗೆ ಬರುವ ಹಾಗೆ ಎರಡು ಮೂರು ಚಳಿಗಾಲ ಹೊದ್ದುಕೊಳ್ಳುತ್ತಿದ್ದರು. ಮೈಗೆ ಉಜ್ಜಿ ಉಜ್ಜಿ ಒರಟು ಕೂದಲು ಉದುರುತ್ತಿತ್ತು. ಮೈಯ ಜಿಡ್ಡಿಗೆ ಚರ್ಮ ಮೆತ್ತಗಾಗುತ್ತಿತ್ತು. ಫ್ರೆಂಚರು ಇದಕ್ಕೆ 'ಜಿಡ್ಡಿನ ಬೀವರ್' ಅಂತಲೇ ಹೆಸರಿಟ್ಟು, ಹೊಸ ಚರ್ಮಕ್ಕಿಂತ ಹೆಚ್ಚು ಬೆಲೆ ಕೊಡುತ್ತಿದ್ದರು. ಹೊದ್ದು ಹಳತಾದ ಕಂಬಳಿ ಕೊಟ್ಟರೆ ಹೊಸ ತಾಮ್ರದ ಪಾತ್ರೆ! ಪೆದ್ದ ಯಾರು ಅಂತ ಆ ಕಡೆಯವರಿಗೂ ಅನ್ನಿಸಿರಲೇಬೇಕು. ಅನ್ನಿಸಿತ್ತು ಕೂಡ. ಪೋಲ್ ಲ ಜೂನ್ ಎಂಬ ಜೆಸ್ವಿಟ್ ಪಾದ್ರಿ 1634ರಲ್ಲಿ ಬರೆದಿಟ್ಟಿದ್ದಾನೆ. ಅವನ ಜೊತೆಗಿದ್ದ, 'ಇನ್ನು' ಎಂಬ ಹೆಸರಿನ ಮೂಲನಿವಾಸಿ ಜನಾಂಗದವನೊಬ್ಬ ನಗಾಡಿದನಂತೆ: ಬೀವರ್ ಎಲ್ಲವನ್ನೂ ಮಾಡಿಕೊಡುತ್ತೆ, ಪಾತ್ರೆ, ಕೊಡಲಿ, ಚಾಕು, ರೊಟ್ಟಿ, ಆ ಇಂಗ್ಲಿಷರಿಗೆ ಬುದ್ಧಿಯೇ ಇಲ್ಲ, ಒಂದು ಚರ್ಮಕ್ಕೆ ಇಪ್ಪತ್ತು ಚಾಕು ಕೊಡುತ್ತಾರೆ ಅಂತ.

ಇನ್ನು ಮಣಿ ವಿಷಯ. ಮಣಿ ಮಾರುತ್ತಿದ್ದರು, ಸುಳ್ಳಲ್ಲ. ಆದರೆ ದೋಣಿಯಲ್ಲಿ ಬರುತ್ತಿದ್ದ ಸರಕಿನ ಬೆಲೆ ಲೆಕ್ಕ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಬಟ್ಟೆ. ಉಣ್ಣೆ ಬಟ್ಟೆ, ಕಂಬಳಿ, ಅಂಗಿ. ಆಮೇಲೆ ಮದ್ದು ಗುಂಡು, ಬಂದೂಕು, ಪಾತ್ರೆ, ಕೊಡಲಿ, ಚಾಕು, ಬ್ರೆಜಿಲ್ ತಂಬಾಕು. ಮಣಿಯ ಪಾಲು ತೀರಾ ಚಿಕ್ಕದು. ಕೊಳ್ಳುವವರು ಬಲು ನಾಜೂಕು. ಬಣ್ಣ ಸರಿ ಇಲ್ಲ, ಕಂಬಳಿ ತೆಳು, ಕೊಡಲಿ ಭಾರ ಅಂತ ವಾಪಸ್ ಕಳಿಸುತ್ತಿದ್ದರು. ಒಳ್ಳೆ ಉಣ್ಣೆ ಬಟ್ಟೆ ಇಂಗ್ಲಿಷರದು ಅಂತ ಗೊತ್ತಿದ್ದರಿಂದ, ಫ್ರೆಂಚ್ ವ್ಯಾಪಾರಿಗಳೇ ಕದ್ದುಮುಚ್ಚಿ ಇಂಗ್ಲಿಷ್ ಬಟ್ಟೆ ತರಿಸಬೇಕಾಯಿತು. 'ಬಂದೂಕಿನ ಎತ್ತರಕ್ಕೆ ತುಪ್ಪಳ ಗುಡ್ಡೆ ಹಾಕಿದರೆ ಮಾತ್ರ ಬಂದೂಕು ಕೊಡುತ್ತಿದ್ದರು' ಅನ್ನುವ ಕಥೆಯನ್ನೂ ಮಗಳು ಎಲ್ಲಾದರೂ ಕೇಳಬಹುದು. ಅದು ಕಟ್ಟುಕಥೆ. ಇಂಗ್ಲಿಷರ ಹಡ್ಸನ್ಸ್ ಬೇ ಕಂಪನಿಯ ದರಪಟ್ಟಿಗಳು ಉಳಿದಿವೆ. ಬಂದೂಕಿಗೆ ಹೆಚ್ಚೂ ಕಡಿಮೆ 10ರಿಂದ 14 ಚರ್ಮ, ಅಷ್ಟೇ.

ಈಸ್ಟ್ ಇಂಡಿಯಾ ಕಂಪನಿ ಹೋಲಿಕೆಯೂ ಇಲ್ಲಿ ಕೂರುವುದಿಲ್ಲ. ಕಂಪನಿ ನಮ್ಮಲ್ಲಿ ಕಂದಾಯ ಎತ್ತಿತು, ಸೈನ್ಯ ಇಟ್ಟು ಆಳಿತು. ಮಿಶಿಲಿಮ್ಯಾಕಿನಾದಲ್ಲಿ ಫ್ರೆಂಚರಿಗೆ ಆಳುವ ತಾಕತ್ತೇ ಇರಲಿಲ್ಲ. ಹೆಸರಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ 'ಮ್ಯಾಕಿನ್ಯಾಕ್' ಅಂದರೆ ಅಲ್ಲಿಯವರು ನಗುತ್ತಾರೆ. ಕೊನೆಯ ಅಕ್ಷರಕ್ಕೆ ಉಚ್ಚಾರವಿಲ್ಲ, ಫ್ರೆಂಚರ ಬರವಣಿಗೆಯ ಬಳುವಳಿ ಅದು. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಲ್ಲಿ ದೊಡ್ಡ ಆಮೆ ಅಂತ ಅರ್ಥ ಹೇಳುತ್ತಾರೆ. ಕೋಟೆಯ ಹತ್ತಿರವೇ ನೀರಿನಲ್ಲಿರುವ ಮ್ಯಾಕಿನಾ ದ್ವೀಪವನ್ನು ದೂರದಿಂದ ನೋಡಿದರೆ ಬೆನ್ನು ಮೇಲೆ ಮಾಡಿ ಮಲಗಿದ ಆಮೆಯ ಹಾಗೇ ಕಾಣುತ್ತೆ.

ಆ ಜಾಗದ ಮಹತ್ವ ಗೊತ್ತಾಗಬೇಕಾದರೆ ನಕ್ಷೆ ನೋಡಬೇಕು. ಹುರಾನ್ ಮತ್ತು ಮಿಶಿಗನ್ ಮಹಾಸರೋವರಗಳು ಸೇರುವ ಇಕ್ಕಟ್ಟಾದ ಜಲಸಂಧಿ. ಸುಪೀರಿಯರ್ ಸರೋವರಕ್ಕೆ ಹೋಗುವ ದಾರಿಯೂ ಪಕ್ಕದಲ್ಲೇ. ಪಾದ್ರಿ ಜಾಕ್ ಮಾರ್ಕೆಟ್ 1671ರಲ್ಲಿ ಉತ್ತರ ದಡದಲ್ಲಿ ಸೇಂಟ್ ಇಗ್ನೇಸ್ ಮಿಶನ್ ಶುರು ಮಾಡಿದ. ಹುರಾನ್, ಒಡಾವಾ ಅನ್ನುವ ಮೂಲನಿವಾಸಿ ಜನ ಅಲ್ಲಿ ಊರು ಕಟ್ಟಿಕೊಂಡರು, ವ್ಯಾಪಾರಿಗಳು ಬೆನ್ನಿಗೆ ಬಂದರು. 1690ರ ದಶಕದಲ್ಲಿ ಎಷ್ಟು ತುಪ್ಪಳ ಬಂತೆಂದರೆ ಫ್ರಾನ್ಸಿನ ಗೋದಾಮುಗಳಲ್ಲಿ ಕೊಳೆಯತೊಡಗಿತು. ಹದಿನಾಲ್ಕನೇ ಲೂಯಿ 1696ರಲ್ಲಿ ಪಶ್ಚಿಮದ ಠಾಣೆಗಳನ್ನೆಲ್ಲ ಮುಚ್ಚಿ ಅಂದುಬಿಟ್ಟ. ಅಲ್ಲಿ ದಳಪತಿಯಾಗಿದ್ದ ಕ್ಯಾಡಿಲಾಕ್ ಸುಮ್ಮನಿರುವ ಆಸಾಮಿಯಲ್ಲ. 1701ರಲ್ಲಿ ದಕ್ಷಿಣಕ್ಕೆ ಹೋಗಿ ಡೆಟ್ರಾಯಿಟ್ ಶುರು ಮಾಡಿ, ಹುರಾನರನ್ನೂ ಒಡಾವಾರಲ್ಲಿ ಹಲವರನ್ನೂ ಅಲ್ಲಿಗೆ ಕರೆಸಿಕೊಂಡ. ನಿಮ್ಮ ಕಡೆ ರಸ್ತೆ ಮೇಲೆ ಓಡುವ ಕಾರಿಗೆ ಇರುವುದು ಇವನದೇ ಹೆಸರು. ಮಿಶಿಲಿಮ್ಯಾಕಿನಾ ಕೆಲಕಾಲ ಮಂಕಾಯಿತು. 1715ರ ಹೊತ್ತಿಗೆ ದಕ್ಷಿಣ ದಡದಲ್ಲಿ ಮತ್ತೆ ಕೋಟೆ ಎದ್ದಿತು. ನೀವು ನೋಡಿದ್ದು ಅದರ ಮರುನಿರ್ಮಾಣ.

ಕೋಟೆ ಅಂದರೆ ನಮ್ಮ ಚಿತ್ರದುರ್ಗ ನೆನಪಿಸಿಕೊಳ್ಳಬೇಡಿ. ಸೀಡರ್ ಮರದ ಗೂಟಗಳ ಬೇಲಿ. ಒಳಗೆ ಸಾಲುಮನೆಗಳು, ನೆಲದಲ್ಲಿ ಗೂಟ ನೆಟ್ಟು ಸಂದಿಗೆ ಮಣ್ಣು ಮೆತ್ತಿದ್ದು. 1749ರಲ್ಲಿ ನಕ್ಷೆ ಮಾಡಲು ಬಂದ ಲೊಟ್ಬಿನಿಯೇರ್ ಎಂಬ ಇಂಜಿನಿಯರ್ ಎಣಿಸಿದಾಗ ಸುಮಾರು 40 ಮನೆ. ಅದರಲ್ಲಿ ಕಾಯಂ ಇದ್ದ ಫ್ರೆಂಚ್ ಕುಟುಂಬ ಬರೀ 10. ಬೇಸಿಗೆಯಲ್ಲಿ ಮಾತ್ರ ಜಾತ್ರೆ. ಮಾಂಟ್ರಿಯಲ್ ಹತ್ತಿರದ ಲಾಶೀನ್‌ನಿಂದ ಬರ್ಚ್ ಮರದ ತೊಗಟೆಯ ದೋಣಿಗಳು ಹೊರಡುತ್ತಿದ್ದವು. ದೊಡ್ಡವು ಸುಮಾರು 11 ಮೀಟರ್ ಉದ್ದ, ಮೂರು ಟನ್ ಸರಕು. ದಾರಿಯಲ್ಲಿ ಮೂವತ್ತಕ್ಕೂ ಹೆಚ್ಚು ಕಡೆ ಜಲಪಾತ, ರಭಸದ ಹರಿವು. ಅಲ್ಲೆಲ್ಲ ದೋಣಿ ಖಾಲಿ ಮಾಡಿ, ಹೊತ್ತು ನಡೆಯಬೇಕು. ಒಂದು ಮೂಟೆ 40 ಕಿಲೋ. ಹಣೆಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಒಬ್ಬೊಬ್ಬ ಕೂಲಿಯವನೂ ಒಂದು ಸಲಕ್ಕೆ ಎರಡು ಮೂಟೆ ಹೊರುತ್ತಿದ್ದ. ಹೀಗೆ ಬಂದವನಿಗೆ ಊಟ ಹಾಕುತ್ತಿದ್ದವರು ಯಾರು? ಒಡಾವಾ ಹೆಂಗಸರು ಬೆಳೆದ ಮೆಕ್ಕೆಜೋಳ, ಜಲಸಂಧಿಯ ಮೀನು. ದೋಣಿಯ ತೊಗಟೆ, ಹೊಲಿಯುವ ಬೇರು, ಸಂದಿ ಮುಚ್ಚುವ ಅಂಟು, ದಾರಿ ತೋರಿಸುವ ಜನ, ಎಲ್ಲ ಅಲ್ಲಿಯವರದೇ. ಒಡಾವಾದವರು ಒಂದು ಚಳಿಗಾಲ ಜೋಳ ಕೊಡುವುದಿಲ್ಲ ಅಂದಿದ್ದರೆ ಆ ಕೋಟೆ ಖಾಲಿಯಾಗುತ್ತಿತ್ತು.

ಹಾಗಾದರೆ ಆ ಗೈಡ್ ಹೇಳಿದ್ದೇ ಸರಿಯಾ, ಒಂದೇ ಮನೆಯವರ ಥರ? ಮದುವೆಗಳು ಆದವು, ನಿಜ. ವ್ಯಾಪಾರಿಗೆ ಒಡಾವಾ ಹೆಂಡತಿ ಅಂದರೆ ಸುಮ್ನೆ ಸಂಸಾರ ಅಲ್ಲ. ಭಾವ ಮೈದುನರು ಸಿಕ್ಕರು, ಊರು ಸಿಕ್ಕಿತು, ಉದ್ರಿ ವಸೂಲಿಗೆ ದಾರಿ ಸಿಕ್ಕಿತು. 1729ರಲ್ಲಿ ಅಲ್ಲೇ ಹುಟ್ಟಿದ ಶಾರ್ಲ್ ಲಾಂಗ್ಲಾಡ್ ಅಂಥ ಮನೆಯ ಮಗ. ಅಪ್ಪ ಫ್ರೆಂಚ್ ವ್ಯಾಪಾರಿ, ತಾಯಿ ಡೊಮಿಟಿಲ್ಡ್ ಒಡಾವಾ ಮುಖ್ಯಸ್ಥ ನಿಸ್ಸೊವಾಕೆಯ ತಂಗಿ. ಮೂಲನಿವಾಸಿಗಳು ಫ್ರೆಂಚ್ ಗವರ್ನರನನ್ನು 'ಒನೊಂಟಿಯೊ' ಅನ್ನುತ್ತಿದ್ದರು, 'ಅಪ್ಪ' ಅಂತಲೂ ಕರೆಯುತ್ತಿದ್ದರು. ಇದನ್ನು ಕೇಳಿ ಫ್ರೆಂಚರು ಹಿಗ್ಗಿದರು, ನಮ್ಮ ಮಾತು ಕೇಳುತ್ತಾರೆ ಅಂತ. ಆದರೆ ಹುರಾನರಲ್ಲಿ ವಂಶ ತಾಯಿಯ ಕಡೆಯಿಂದ, ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೆ. ಗದರುವ ಅಧಿಕಾರ ಸೋದರಮಾವನದು. ಅಪ್ಪ ಅಂದರೆ ಕೊಡುವವನು, ಜಗಳ ಬಿಡಿಸುವವನು. ವರ್ಷ ವರ್ಷ ಉಡುಗೊರೆ ಕೊಡುತ್ತಾ ಇದ್ದರೆ ಅಪ್ಪ, ನಿಲ್ಲಿಸಿದರೆ ಯಾರೋ ಪರದೇಶಿ.

ಆ ಗೈಡ್ ಬಿಟ್ಟ ಮಾತುಗಳೂ ಇವೆ. ಬ್ರಾಂದಿ ಬಂತು. ಅದರ ಬಗ್ಗೆ ಪಾದ್ರಿ ಕರೇಲ್ ಕ್ಯಾಡಿಲಾಕ್‌ನ ಜೊತೆ ಕಿತ್ತಾಡಿಯೇ ಕಿತ್ತಾಡಿದ. 1757ರಲ್ಲಿ ಫ್ರೆಂಚರ ಪರ ದೂರದ ಯುದ್ಧಕ್ಕೆ ಹೋಗಿ ಬಂದವರ ಜೊತೆ ಸಿಡುಬು ಬಂದು ಒಡಾವಾ ಊರುಗಳಲ್ಲಿ ಸಾವಿನ ಸಾಲೇ ಆಯಿತು. ಗುಲಾಮರೂ ಇದ್ದರು. ಪಶ್ಚಿಮದ ಬುಡಕಟ್ಟುಗಳಿಂದ ಸೆರೆ ಹಿಡಿದು ತಂದವರನ್ನು 'ಪಾನಿ' ಅಂತ ಕರೆದು ಮಾರುತ್ತಿದ್ದರು. 1709ರಲ್ಲಿ ನ್ಯೂ ಫ್ರಾನ್ಸ್ ಅನ್ನುವ ಅಲ್ಲಿನ ಫ್ರೆಂಚ್ ವಸಾಹತಿನ ಆಡಳಿತ ಅದಕ್ಕೆ ಕಾನೂನಿನ ಮುದ್ರೆಯನ್ನೂ ಒತ್ತಿತು. ಮಿಶಿಲಿಮ್ಯಾಕಿನಾದ ಸಂತ ಆನಾ ಚರ್ಚಿನ ರಿಜಿಸ್ಟರಿನಲ್ಲಿ ವ್ಯಾಪಾರಿಗಳ ಮಕ್ಕಳ ನಾಮಕರಣದ ಜೊತೆಗೇ ಈ ಗುಲಾಮ ಮಕ್ಕಳ ದಾಖಲೆಯೂ ಇದೆ. ಇನ್ನು ಎಲ್ಲ ಮೂಲನಿವಾಸಿಗಳೂ ಫ್ರೆಂಚರಿಗೆ ನೆಂಟರಲ್ಲ. ಫಾಕ್ಸ್ ಅನ್ನಿಸಿಕೊಂಡ ಜನರ ಮೇಲೆ ಫ್ರೆಂಚರೂ ಅವರ ಕಡೆಯವರೂ ಸೇರಿ ಮಾಡಿದ ಯುದ್ಧಗಳು ಓದಲಾಗದಷ್ಟು ಕ್ರೂರ.

ಹಾಗಾಗಿ 'ಯಾರು ಯಾರಿಗೆ ಮೋಸ ಮಾಡಿದರು' ಅನ್ನುವ ಪ್ರಶ್ನೆಯಿಂದ ಜಾಸ್ತಿ ಏನೂ ಸಿಗುವುದಿಲ್ಲ. 'ಬೇಡ ಅನ್ನುವ ಶಕ್ತಿ ಯಾರಿಗೆ ಇತ್ತು, ಎಲ್ಲಿಯವರೆಗೆ ಇತ್ತು' ಅಂತ ಕೇಳಿ. ಫ್ರೆಂಚರೂ ಇಂಗ್ಲಿಷರೂ ಪೈಪೋಟಿಗೆ ಇದ್ದಷ್ಟು ದಿನ ಒಡಾವಾ ಬೇಟೆಗಾರನಿಗೆ ಎರಡು ಅಂಗಡಿ ಇದ್ದವು. ಒಬ್ಬ ಜಾಸ್ತಿ ಕೇಳಿದರೆ ಇನ್ನೊಬ್ಬನ ಹತ್ತಿರ ಹೋಗುತ್ತಿದ್ದ. ಎರಡನೇ ಅಂಗಡಿ ಮುಚ್ಚಿದ ದಿನ ಎಲ್ಲ ಬದಲಾಯಿತು.

ಅದು ಮುಚ್ಚಿದ್ದು ಫ್ರೆಂಚರಿಗೂ ಇಂಗ್ಲಿಷರಿಗೂ ನಡೆದ ಏಳು ವರ್ಷಗಳ ಯುದ್ಧದಲ್ಲಿ. ಇಲ್ಲಿ ನಮಗೂ ಒಂದು ಎಳೆ ಇದೆ. 1760ರಲ್ಲಿ ಹೈದರ್ ಅಲಿ ಪಾಂಡಿಚೇರಿಯ ಫ್ರೆಂಚರ ನೆರವಿಗೆ ಪಡೆ ಕಳಿಸಿದ್ದು ಇದೇ ಯುದ್ಧದಲ್ಲಿ. 1761ರ ಜನವರಿಯಲ್ಲಿ ಪಾಂಡಿಚೇರಿ ಇಂಗ್ಲಿಷರ ಕೈಗೆ ಬಿತ್ತು. ಅದೇ ವರ್ಷ ಮಿಶಿಲಿಮ್ಯಾಕಿನಾ ಕೋಟೆಯಲ್ಲೂ ಇಂಗ್ಲಿಷ್ ಬಾವುಟ ಏರಿತು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರೆಂಚರಿಗೆ ಪಾಂಡಿಚೇರಿ ವಾಪಸ್ ಸಿಕ್ಕಿತು, ಕೆನಡಾ ಸಿಗಲಿಲ್ಲ.

ಇಂಗ್ಲಿಷ್ ಸೇನಾಪತಿ ಆಮ್‌ಹರ್ಸ್ಟ್ ಲೆಕ್ಕದ ಮನುಷ್ಯ. ಯುದ್ಧ ಗೆದ್ದಾಯಿತು, ಇನ್ನು ಉಡುಗೊರೆ ಯಾಕೆ ಅಂದ. ಮದ್ದಿನ ಪುಡಿಗೂ ಕಡಿವಾಣ ಹಾಕಿದ. ಮದ್ದು ಇಲ್ಲದೆ ಚಳಿಗಾಲದಲ್ಲಿ ಬೇಟೆ ಹೇಗೆ? 1763ರ ಜೂನ್ 2ರಂದು ಕೋಟೆಯ ಹೊರಗೆ ಒಜಿಬ್ವೆ ಮತ್ತು ಸಾಕ್ ಜನ ಚೆಂಡಾಟ ಆಡುತ್ತಿದ್ದರು. ಸಿಪಾಯಿಗಳು ಬಾಗಿಲು ತೆರೆದಿಟ್ಟು ನೋಡುತ್ತಾ ನಿಂತಿದ್ದರು. ಚೆಂಡು ಕೋಟೆಯ ಕಡೆ ಹಾರಿತು. ಆಟಗಾರರು ಅದರ ಹಿಂದೆ ಓಡಿದರು. ಕಂಬಳಿ ಹೊದ್ದು ನಿಂತಿದ್ದ ಹೆಂಗಸರು ಒಳಗೆ ಬಚ್ಚಿಟ್ಟಿದ್ದ ಆಯುಧಗಳನ್ನು ಅವರ ಕೈಗೆ ಕೊಟ್ಟರು. ಸುಮಾರು 35 ಜನರ ಪಡೆಯಲ್ಲಿ ಅರ್ಧದಷ್ಟು ಜನ ಸತ್ತರು. ಊರಿನ ಫ್ರೆಂಚರನ್ನು ಯಾರೂ ಮುಟ್ಟಲಿಲ್ಲ. ಅಲೆಕ್ಸಾಂಡರ್ ಹೆನ್ರಿ ಎಂಬ ಇಂಗ್ಲಿಷ್ ವ್ಯಾಪಾರಿ ಲಾಂಗ್ಲಾಡ್ ಮನೆಗೆ ನುಗ್ಗಿದ. ಅವನನ್ನು ಅಟ್ಟಕ್ಕೆ ಹತ್ತಿಸಿ ಬಚ್ಚಿಟ್ಟದ್ದು ಆ ಮನೆಯ ಗುಲಾಮ ಹೆಂಗಸು. ಅವಳ ಹೆಸರನ್ನು ಅವನು ಬರೆದಿಡಲಿಲ್ಲ.

ಆಮೇಲೆ ಇಂಗ್ಲಿಷರು ತಣ್ಣಗಾಗಿ ಉಡುಗೊರೆ ಶುರು ಮಾಡಿದರು, 1780ರ ಆಸುಪಾಸಿನಲ್ಲಿ ಊರನ್ನೇ ಬಿಚ್ಚಿ ಹಿಮದ ಮೇಲೆ ಎಳೆದು ದ್ವೀಪಕ್ಕೆ ಸಾಗಿಸಿದರು. ಅದು ಬೇರೆ ಕಥೆ. ನಿಮ್ಮ ಪ್ರಶ್ನೆಗೆ ಬೇಕಾದದ್ದು ಉದ್ರಿ. ಈ ವ್ಯಾಪಾರ ಪೂರ್ತಿ ಉದ್ರಿಯ ಮೇಲೆ ನಿಂತಿತ್ತು. ಶರತ್ಕಾಲದಲ್ಲಿ ಬೇಟೆಗಾರನಿಗೆ ಸರಕು ಕೊಡುವುದು, ವಸಂತದಲ್ಲಿ ಚರ್ಮದ ಲೆಕ್ಕದಲ್ಲಿ ತೀರಿಸಿಕೊಳ್ಳುವುದು. ವ್ಯಾಪಾರಿ ಮಾಂಟ್ರಿಯಲ್ ಸಾಹುಕಾರನಿಗೆ ಸಾಲಗಾರ, ಸಾಹುಕಾರ ಫ್ರಾನ್ಸಿನವನಿಗೆ. ಬೀವರ್ ಇರುವವರೆಗೆ ಇದು ನಡೆಯಿತು. ಬೀವರ್ ಕಮ್ಮಿಯಾಯಿತು, ಸಾಲ ಮಾತ್ರ ಪುಸ್ತಕದಲ್ಲಿ ಉಳಿಯಿತು. 1836ರಲ್ಲಿ ಒಡಾವಾ ಮತ್ತು ಒಜಿಬ್ವೆ ಮುಖ್ಯಸ್ಥರು ಅಮೆರಿಕ ಸರಕಾರದ ಜೊತೆ ವಾಷಿಂಗ್ಟನ್ನಿನಲ್ಲಿ ಒಪ್ಪಂದ ಮಾಡಿಕೊಂಡರು. ಈಗಿನ ಮಿಶಿಗನ್ನಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ನೆಲ ಕೈಬಿಟ್ಟಿತು. ಆ ಒಪ್ಪಂದದಲ್ಲಿ 3,00,000 ಡಾಲರ್ ತೆಗೆದಿಟ್ಟದ್ದು ಯಾತಕ್ಕೆ ಗೊತ್ತಾ? ವ್ಯಾಪಾರಿಗಳ ಬಾಕಿ ಸಾಲ ತೀರಿಸಲು. ನಿಮ್ಮ ಯಜಮಾನರು ಮೋಸ ಹುಡುಕುತ್ತಿದ್ದರೆ ಮಣಿಯಲ್ಲಿ ಹುಡುಕುವುದು ಬೇಡ, ಈ ಲೆಕ್ಕದ ಪುಸ್ತಕದಲ್ಲಿ ಹುಡುಕಲಿ.

ಪ್ರಾಜೆಕ್ಟ್ ಹೇಗೆ ಮಾಡಬಹುದು? ಐಸ್‌ಕ್ಯಾಂಡಿ ಕಡ್ಡಿಯಲ್ಲಿ ಕೋಟೆ ಕಟ್ಟುವುದು ಸುಲಭ, ಮಕ್ಕಳಿಗೆ ಇಷ್ಟ. ಆದರೆ ಬೇಲಿಯ ಒಳಗಿನವರದ್ದೇ ಊರು ಅನ್ನಿಸಿಬಿಡುತ್ತೆ. ಕಟ್ಟಿದರೆ ಹೊರಗೆ ಒಡಾವಾ ಊರು, ಜೋಳದ ಹೊಲ, ಮೀನು ಬಲೆ ಕೂಡ ಇಡಿ, ಕೋಟೆಗಿಂತ ದೊಡ್ಡದಾಗಿ. ತಲೆಗೆ ಗರಿ ಕಟ್ಟಿ ವೇಷ ಹಾಕುವುದು ಬೇಡ. ಆ ಉದ್ದ ಗರಿಯ ಕಿರೀಟ ಬಯಲುಸೀಮೆಯ ಬೇರೆ ಬುಡಕಟ್ಟುಗಳದು, ಈ ಸರೋವರದವರದ್ದಲ್ಲ. ಒಡಾವಾ, ಒಜಿಬ್ವೆ ಮನೆಯ ಮಗು ಅದೇ ಕ್ಲಾಸಿನಲ್ಲಿ ಕೂತಿರಬಹುದು. ಅವರು ಎಲ್ಲೂ ಹೋಗಿಲ್ಲ. 1836ರ ಒಪ್ಪಂದದಲ್ಲಿ ಉಳಿಸಿಕೊಂಡ ಮೀನುಗಾರಿಕೆಯ ಹಕ್ಕನ್ನು 1979ರಲ್ಲಿ ಫೆಡರಲ್ ಕೋರ್ಟಿನಲ್ಲಿ ಗೆದ್ದುಕೊಂಡವರು ಅವರು. ನನ್ನ ಕೇಳಿದರೆ ಒಂದು ದೋಣಿಯ ಸರಕಿನ ಪಟ್ಟಿ ಮಾಡಿಸಿ. ಬಟ್ಟೆ, ಪಾತ್ರೆ, ಮದ್ದು, ಬ್ರಾಂದಿ ಎಲ್ಲ ಬರೆದು, ಪ್ರತಿಯೊಂದರ ಎದುರು 'ಯಾರಿಗೆ ಬೇಕಿತ್ತು, ಯಾಕೆ' ಅಂತ ಒಂದು ಸಾಲು. ಗುಲಾಮರ ವಿಷಯ ಎಂಟು ವರ್ಷದ ಮಗುವಿಗೆ ಎಷ್ಟು ಹೇಳಬೇಕು ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು. ಅಟ್ಟದ ಕಥೆಯನ್ನಂತೂ ಹೇಳಬಹುದು.

ಈಗ ಬಿಲ್ಲೆ. ಅದು ಮೀನು ಬಲೆಯ ಸೀಸದ ತೂಕ ಇರಬಹುದು, ಇಂಥವು ದಂಡೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಅಕ್ಷರ ಇದೆ ಅಂದಿದ್ದೀರಿ. ನಮ್ಮ ಬಟ್ಟೆ ಅಂಗಡಿಯ ಥಾನಿನ ತುದಿಯಲ್ಲಿ ಮಿಲ್ಲಿನ ಮುದ್ರೆ ಇರುತ್ತಲ್ವಾ? ಆಗ ಅದಕ್ಕೆ ಸೀಸದ ಬಿಲ್ಲೆ ಬಳಸುತ್ತಿದ್ದರು. ಎರಡು ಬಿಲ್ಲೆ, ನಡುವೆ ಪಟ್ಟಿ. ಬಟ್ಟೆಯ ಅಂಚಿನ ಮೇಲೆ ಮಡಚಿ, ಅಚ್ಚಿನಿಂದ ಒತ್ತಿದರೆ ಊರಿನ ಹೆಸರು, ಪರೀಕ್ಷೆ ಮಾಡಿದವನ ಗುರುತು ಮೂಡುತ್ತಿತ್ತು. ಥಾನು ಬಿಚ್ಚಿದಾಗ ಕಿತ್ತು ಎಸೆಯುತ್ತಿದ್ದರು. 1959ರಿಂದ ಆ ಕೋಟೆಯಲ್ಲಿ ಪ್ರತಿ ಬೇಸಿಗೆ ನಡೆಯುತ್ತಿರುವ ಅಗೆತದಲ್ಲಿ ಇಂಥವು ಸಿಕ್ಕಿವೆ. ಮಜಾಮೆ ಅನ್ನುವ ದಕ್ಷಿಣ ಫ್ರಾನ್ಸಿನ ನೇಯ್ಗೆ ಊರಿನ ಹೆಸರು ಇರುವವೂ ಇವೆ.

ಅಂಟಿಸಬೇಡಿ, ಅಂಟು ಅಕ್ಷರವನ್ನು ತಿನ್ನುತ್ತೆ. ಮನೆಯಲ್ಲೇ ಇಟ್ಟುಕೊಂಡರೆ ಕಾನೂನಿನ ತೊಡಕು. ಸಿಕ್ಕಿದ್ದು ನೀರಿನ ಅಂಚಿನ ಸರಕಾರಿ ಜಾಗವಾಗಿದ್ದರೆ ಅದು ರಾಜ್ಯದ್ದು, ಖಾಸಗಿ ಜಾಗವಾಗಿದ್ದರೆ ಮನೆ ಮಾಲೀಕರದು, ಬಾಡಿಗೆಗೆ ಬಂದ ನಿಮ್ಮದಂತೂ ಅಲ್ಲ. ಮಾರುವ ಯೋಚನೆ ಬೇಡವೇ ಬೇಡ. ಎರಡೂ ಕಡೆಯ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು. ಸಿಕ್ಕಿದ ಜಾಗವನ್ನು ನೆನಪಿದ್ದಾಗಲೇ ನಕ್ಷೆಯಲ್ಲಿ ಗುರುತು ಹಾಕಿ, ನೀರಿನಿಂದ ಎಷ್ಟು ಹೆಜ್ಜೆ ಅನ್ನುವುದನ್ನೂ ಬರೆಯಿರಿ. ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದ ಬಿಲ್ಲೆ ನನ್ನಂಥವರಿಗೆ ಬರೀ ಸೀಸ. ಮನೆ ಮಾಲೀಕರಿಗೆ ಒಂದು ಮಾತು ತಿಳಿಸಿ, ಲ್ಯಾನ್ಸಿಂಗ್‌ನಲ್ಲಿರುವ ರಾಜ್ಯದ ಪುರಾತತ್ವ ಕಚೇರಿಗೆ ಫೋಟೋ ಕಳಿಸಿ. ಬೈಯುವುದಿಲ್ಲ, ಖುಷಿಪಡುತ್ತಾರೆ. ಅಲ್ಲಿಯವರೆಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೆತ್ತನೆ ಕಾಗದದ ಮೇಲೆ ಇಡಿ. ಮರದ ಪೆಟ್ಟಿಗೆ ಬೇಡ, ಮರದ ಹುಳಿ ಸೀಸವನ್ನು ತಿನ್ನುತ್ತೆ. ಪ್ರಾಜೆಕ್ಟ್‌ಗೆ ಮಗಳು ಪೆನ್ಸಿಲ್‌ನಲ್ಲಿ ಅದರ ಚಿತ್ರ ಬರೆಯಲಿ. ಸವೆದ ಅಕ್ಷರ ಫೋಟೋಗಿಂತ ಚಿತ್ರ ಬರೆಯುವಾಗಲೇ ಚೆನ್ನಾಗಿ ಕಣ್ಣಿಗೆ ಬೀಳುತ್ತೆ. ಏನಾದರೂ ಓದಿಗೆ ಸಿಕ್ಕರೆ ನನಗೂ ಬರೆಯಿರಿ.